ಖಾಲಿ ಜಾಗ ಅಂತ ಬರೆದವರು ಯಾರು?

ಮೊನ್ನೆ ಸಂಜೆ ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಕರೆಂಟು ಹೋಗಿತ್ತು. ಮನೆ ಮುಂದೆ ಕೂತು ಹರಟುತ್ತಿದ್ದಾಗ ಪಕ್ಕದ ಮನೆ ಹುಡುಗ ಕೇಳಿದ, "ಅಣ್ಣಾ, ನಮ್ ಕರ್ನಾಟಕದಾಗೆ ಕಲ್ಲಿದ್ದಲು ಎಲ್ಲಿ ಸಿಗ್ತತಿ?" ಎಲ್ಲೂ ಇಲ್ಲ ಕಣೋ ಅಂದೆ. ಅವನು ನಂಬಲಿಲ್ಲ. ಚಿನ್ನ ಇದೆ, ಕಬ್ಬಿಣ ಇದೆ, ಇದೊಂದು ಯಾಕಿಲ್ಲ?

ಉತ್ತರ ನಮ್ಮ ಕಾಲ ಕೆಳಗೇ ಇದೆ. ಭಾರತದ ಕಲ್ಲಿದ್ದಲು ಬಹುಪಾಲು ಸುಮಾರು 25-30 ಕೋಟಿ ವರ್ಷಗಳ ಹಿಂದಿನ ಗೊಂಡ್ವಾನಾ ಕಾಡುಗಳದ್ದು. ನಮ್ಮ ಈ ಸೀಮೆಯ ಬಂಡೆಗಳೋ 250 ಕೋಟಿ ವರ್ಷಕ್ಕಿಂತ ಹಳೆಯವು. ಆಗ ಭೂಮಿಯ ಮೇಲೆ ಮರವೇ ಹುಟ್ಟಿರಲಿಲ್ಲ. ಮರವಿಲ್ಲದ ಕಾಲದ ಕಲ್ಲಿನಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು?

ಹಾಗಾಗಿ ಕಲ್ಲಿದ್ದಲು ಹುಡುಕಲು ಬಂದ ಡ್ರಿಲ್ಲಿಂಗ್ ಲಾರಿ ತಮ್ಮ ಹೊಲದಲ್ಲಿ ನಿಂತದ್ದನ್ನು ನಮ್ಮ ರೈತರು ನೋಡಿಲ್ಲ. ನೋಡಿದವರಿಗೆ ಮಾತ್ರ ಗೊತ್ತು, ತೂತು ಕೊರೆಯುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಎಷ್ಟಿವೆ ಅಂತ. ಈ ಜಾಗದಲ್ಲಿ ಈಗ ಏನಿದೆ? ಬಾವಿಯಲ್ಲಿ ಬೇಸಿಗೆಯಲ್ಲಿ ನೀರೆಷ್ಟು, ಮಳೆ ನಂತರ ಎಷ್ಟು? ಯಾರ ದನ ಎಲ್ಲಿ ಮೇಯುತ್ತೆ? ಸೌದೆ ಎಲ್ಲಿಂದ ಬರುತ್ತೆ? ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಕೋಡ್ ಮುಟ್ಟುವ ಮುಂಚೆ ತೆಗೆದಿಡುವ ಬ್ಯಾಕಪ್ ಇದು. ಅದಿಲ್ಲದಿದ್ದರೆ ಆಮೇಲೆ ಏನು ಹಾಳಾಯ್ತು ಅಂತ ಹೇಳೋಕೂ ಆಗಲ್ಲ!

ಕಾನೂನು ಏನು ಹೇಳ್ತಿತ್ತು? 1957ರ ಕಲ್ಲಿದ್ದಲು ಪ್ರದೇಶಗಳ ಸ್ವಾಧೀನ ಕಾಯ್ದೆ ನೋಡಿ. 4ನೇ ಸೆಕ್ಷನ್ನಿನ ಪ್ರಕಟಣೆ ಹೊರಟರೆ ಸರ್ಕಾರದವರು ಜಮೀನಿಗೆ ಇಳಿದು ಅಳೆಯಬಹುದು, ಕೊರೆಯಬಹುದು. ಆಗ ಆದ ಹಾನಿಗೆ 6ನೇ ಸೆಕ್ಷನ್ನಿನಲ್ಲಿ ಪರಿಹಾರ ಇದೆ. ಆದರೆ ಊರವರು ತಕರಾರು ಸಲ್ಲಿಸುವ ಅವಕಾಶ ಬರುವುದು ಅದರ ನಂತರ, ಸ್ವಾಧೀನದ ಉದ್ದೇಶವನ್ನು 7ನೇ ಸೆಕ್ಷನ್ನಿನಲ್ಲಿ ಪ್ರಕಟಿಸಿದ ಮೇಲೆ, 30 ದಿನದೊಳಗೆ. ಅಂದರೆ ಮೊದಲು ಕೊರೆತ, ಆಮೇಲೆ ಮಾತು. ಗಣಿ ಶುರು ಮಾಡುವ ಮುನ್ನ ಪರಿಸರ ಪರಿಣಾಮ ಅಧ್ಯಯನ ಕಡ್ಡಾಯವಾದದ್ದು 1994ರ ಜನವರಿಯಲ್ಲಿ. ಜನರ ಅಹವಾಲು ಸಭೆ ಸೇರಿದ್ದು 1997ರಲ್ಲಿ. ನಡುವೆ 40 ವರ್ಷ ಕಳೆದಿತ್ತು.

ನಮ್ಮಲ್ಲಿ ಕಲ್ಲಿದ್ದಲಿಲ್ಲ, ನಮಗೇನು ಅಂದುಕೊಂಡರೆ ತಪ್ಪು. ಇಲ್ಲದ್ದಕ್ಕೂ ಬೆಲೆ ತೆತ್ತಿದ್ದೇವೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಹಾಕಿದ್ದು ಕಟ್ಟಿಗೆ ಇದ್ದಿಲು. ಮಲೆನಾಡಿನ ಕಾಡೇ ನಮ್ಮ ಕಲ್ಲಿದ್ದಲು ಗಣಿಯಾಯ್ತು.

ಇನ್ನೂ ಹತ್ತಿರದ ಕಥೆ ಹರಿಹರದ್ದು. ಅಲ್ಲಿ ಬೇಕಾಗಿದ್ದದ್ದು ಉರುವಲಲ್ಲ, ರೇಯಾನ್ ನೂಲಿಗೆ ಮರದ ತಿರುಳು. ಆದರೆ "ಈ ಜಾಗದಲ್ಲಿ ಈಗ ಏನಿದೆ" ಅನ್ನೋ ಪ್ರಶ್ನೆ ಮಾತ್ರ ಅದೇ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಶುರುವಾಯ್ತು. ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ! ಕಾರ್ಖಾನೆ ಬರುವ ಮುಂಚೆ ಹೊಳೆ ಹೇಗಿತ್ತು ಅಂತ ಬರೆದಿಡಬೇಕೆಂಬ ಕಾನೂನೇ ಆಗ ಇರಲಿಲ್ಲ. ಮುಂದೆ ಮೀನು ಸತ್ತು ತೇಲಿದಾಗ ಹೊಳೆದಂಡೆಯ ಜನರ ಕೈಯಲ್ಲಿದ್ದ ಸಾಕ್ಷಿ ಅವರ ನೆನಪು ಮಾತ್ರ.

ಆಮೇಲೆ ಭೂಮಿಯ ಸರದಿ. 1984ರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಈ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದವು. ಪಾಲು 51ಕ್ಕೆ 49. ಧಾರವಾಡ, ಶಿವಮೊಗ್ಗ ಸೇರಿ ಕೆಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಜಾಗದಲ್ಲಿ ನೀಲಗಿರಿಯಂಥ ಮರ ಬೆಳೆಯುವ ಯೋಜನೆ. ಕಡತದಲ್ಲಿ ಅದು 'ಸಿ ಮತ್ತು ಡಿ ವರ್ಗದ' ಭೂಮಿ, ಅಂದರೆ ಬೇಸಾಯಕ್ಕೆ ಬಾರದ ಬಂಜರು. ಊರವರ ಲೆಕ್ಕದಲ್ಲಿ? ದನ ಮೇಯುವ ಜಾಗ, ಸೌದೆ ತರುವ ಜಾಗ, ಗೊಬ್ಬರಕ್ಕೆ ಸೊಪ್ಪು ಸಿಗುವ ಜಾಗ. ಜಾಗ ಒಂದೇ, ಬರವಣಿಗೆ ಎರಡು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರು ಇದನ್ನು ಹಿಡಿದುಕೊಂಡರು. 1986ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು, ಅರ್ಜಿದಾರರಲ್ಲಿ ನಮ್ಮ ಶಿವರಾಮ ಕಾರಂತರೂ ಇದ್ದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ. ನೀಲಗಿರಿ ಸಸಿ ಕಿತ್ತರು, ದನಕ್ಕೆ ಜನಕ್ಕೆ ಬೇಕಾದ ಸಸಿ ಹಚ್ಚಿದರು. ಕಡೆಗೆ 1991ರಲ್ಲಿ ಕಂಪನಿಯೇ ಮುಚ್ಚಿತು.

ಗಮನಿಸಿ, ಊರವರು ಬರೀ ಬೇಡ ಅನ್ನಲಿಲ್ಲ. ಈ ಜಾಗ ಯಾವುದಕ್ಕೆ ಬಳಕೆಯಲ್ಲಿದೆ ಅಂತ ತೋರಿಸಿದರು. ಯೋಜನೆ ಮಾಡಿದವರು ಮೊದಲೇ ಕೇಳಬಹುದಾಗಿದ್ದ ಪ್ರಶ್ನೆಗೆ ತಡವಾಗಿ ಸಿಕ್ಕ ಉತ್ತರ ಅದು.

ಈಗ ಮತ್ತೆ ಕರೆಂಟಿಗೆ ಬರ್ತೀನಿ :-) ಕಲ್ಲಿದ್ದಲಿಲ್ಲದ ನಮ್ಮ ರಾಜ್ಯದ ವಿದ್ಯುತ್ ನಿಗಮಕ್ಕೂ ಒಂದು ಕಲ್ಲಿದ್ದಲು ಗಣಿ ಇದೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬಾರಾಂಜ್‌ನಲ್ಲಿ. ತಾಲೂಕಿನ ಹೆಸರೂ ಭದ್ರಾವತಿಯೇ, ಆದರೆ ನಮ್ಮದಲ್ಲ! 2003ರಲ್ಲಿ ಹಂಚಿಕೆಯಾಯ್ತು, 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ 214 ಬ್ಲಾಕ್‌ಗಳ ಹಂಚಿಕೆ ರದ್ದು ಮಾಡಿದಾಗ ಇದೂ ಹೋಯಿತು, 2015ರಲ್ಲಿ ಮತ್ತೆ ನಿಗಮಕ್ಕೇ ಸಿಕ್ಕಿತು. ಅಲ್ಲಿ ಹೊಲ ಬಿಟ್ಟುಕೊಟ್ಟವರು ಮರಾಠಿ ಮಾತಾಡುವ ರೈತರು, ಕಲ್ಲಿದ್ದಲು ನಮ್ಮ ಬಳ್ಳಾರಿಯ ಸ್ಥಾವರಕ್ಕೆ. ಹರಿಹರದಲ್ಲಿ ನಾವು ಕೇಳಿದ ಪ್ರಶ್ನೆಯನ್ನು ಅಲ್ಲಿಯವರು ನಮ್ಮನ್ನು ಕೇಳಿದರೆ ನಮ್ಮ ಹತ್ತಿರ ಉತ್ತರ ಇದೆಯಾ?

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಅರಸರ ಕಾಲದ 1974ರ ಭೂಸುಧಾರಣೆ ಕೇಳಿದ್ದೂ ಇಂಥದ್ದೇ ಪ್ರಶ್ನೆ. ಜಮೀನು ಯಾರ ಹೆಸರಲ್ಲಿದೆ ಅಂತಲ್ಲ, ಉಳುವವರು ಯಾರು ಅಂತ. ಆ ಉತ್ತರಕ್ಕೆ ಪಹಣಿಯಲ್ಲಿ ಒಂದು ಕಾಲಂ ಇತ್ತು. ದನ ಮೇಯಿಸುವವರಿಗೆ, ಸೌದೆ ಆರಿಸುವ ಅಜ್ಜಿಗೆ ಪಹಣಿಯಲ್ಲಿ ಕಾಲಂ ಇಲ್ಲ. ಹಾಗಾಗಿಯೇ ಅವರ ಜಾಗ ಸುಲಭವಾಗಿ 'ಖಾಲಿ' ಆಗಿಬಿಡುತ್ತೆ.

ಕಲ್ಲಿದ್ದಲಿಗೇ ಆಗಲಿ, ನೀಲಗಿರಿಗೇ ಆಗಲಿ, ಅಗೆಯುವ ಮುಂಚಿನ ಸಮೀಕ್ಷೆಗೆ ಆಫೀಸಿನ ನಕ್ಷೆ ಸಾಲದು. ಒಂದು ಬೇಸಿಗೆ, ಒಂದು ಮಳೆಗಾಲ ಆ ಊರಲ್ಲಿ ಓಡಾಡಿ, ದನ ಕಾಯುವವರನ್ನು ಕೇಳಿ ಬರೆಯಬೇಕು. ಅಷ್ಟು ಮಾಡಿದ ಮೇಲೂ ಜಾಗ ಖಾಲಿ ಅನ್ನಿಸಿದರೆ ಆಗ ಹೇಳಿ.

ಕರೆಂಟು ಬಂತು. ಹುಡುಗ ಟಿವಿ ನೋಡೋಕೆ ಓಡಿದ. ನಾನು ಇದನ್ನ ಬರೆಯೋಕೆ ಕೂತೆ. ನಿಮ್ಮೂರಲ್ಲೂ ಇಂಥ 'ಖಾಲಿ' ಜಾಗ ಇದ್ದರೆ, ಅಲ್ಲಿ ಏನೇನಿದೆ ಅಂತ ಇವತ್ತೇ ಬರೆದಿಡಿ.