ಮಳೆ ಎಷ್ಟು ಅಂತಲ್ಲ, ಯಾವಾಗ ಅಂತ...

ಹಿಂದೊಂದು ನವೆಂಬರ್‌ನ ಭಾನುವಾರ ಊರಿಗೆ ಫೋನ್ ಮಾಡಿದ್ದೆ. ಅದಕ್ಕೆ ಮುಂಚೆ ಜಿಲ್ಲೆಯ ಮಳೆಯ ಅಂಕಿಅಂಶ ನೋಡಿಕೊಂಡಿದ್ದೆನಾದ್ದರಿಂದ ಗತ್ತಿನಲ್ಲೇ, "ಅಪ್ಪಾ, ಈ ಸಲ ವಾಡಿಕೆಗಿಂತ ಜಾಸ್ತಿ ಮಳೆಯಂತೆ, ರಾಗಿ ಚೆನ್ನಾಗಿರಬೇಕಲ್ವಾ?" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಕೊಯ್ದು ಹಾಕಿರೋ ರಾಗಿ ಮೂರು ದಿನದಿಂದ ಹೊಲದಲ್ಲೇ ನೆನೀತಾ ಇದೆ ಕಣಪ್ಪಾ, ತೆನೇಲೇ ಮೊಳಕೆ ಬಂದಿದೆ. ನಿನ್ನ ಕಂಪ್ಯೂಟರ್‌ನಲ್ಲಿ ಮಳೆ ಎಷ್ಟು ಅಂತ ಬರುತ್ತೆ, ಯಾವಾಗ ಅಂತ ಬರಲ್ವಾ?" ಅಂದರು.

ಆ ಪ್ರಶ್ನೆ ತಲೆಯಲ್ಲೇ ಉಳಿದುಬಿಟ್ಟಿತು. ನಮ್ಮ ಹಿರಿಯರ ಲೆಕ್ಕದಲ್ಲಿ 'ವರ್ಷದ ಮಳೆ' ಅನ್ನೋದೇ ಇಲ್ಲ ನೋಡಿ. ಉತ್ತರೆ, ಹಸ್ತ, ಚಿತ್ತ, ಸ್ವಾತಿ, ವಿಶಾಖ ಅಂತ ಸುಮಾರು ಹದಿನಾಲ್ಕು ದಿನಕ್ಕೊಂದು ಹೆಸರು. ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗಿನ ಈ ಐದು ಮಳೆಗಳಲ್ಲೇ ರಾಗಿ ತೆನೆ ಬಿಟ್ಟು ಕಾಳು ಕಟ್ಟಿ ಕೊಯ್ಲಿಗೆ ಬರಬೇಕು. ವಿಜಾಪುರದ ಕಡೆಯ ಎರೆಮಣ್ಣಿನಲ್ಲಿ ಬಿಳಿಜೋಳದ ಬಿತ್ತನೆಯೂ ಇದೇ ಹೊತ್ತಿನಲ್ಲೇ. ತೆನೆ ಬಿಡುವಾಗ ಮಳೆ ಬೇಕು, ಕೊಯ್ದ ಮೇಲೆ ಬಿಸಿಲು ಬೇಕು. ಇವೆರಡು ಅದಲು ಬದಲಾದರೆ ಕೈಗೆ ಬಂದ ತುತ್ತು ಬಾಯಿಗಿಲ್ಲ.

ಈ ಕಾಲ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಚರಿತ್ರೆಯಲ್ಲೇ ಒಂದು ಭಯಂಕರ ಉದಾಹರಣೆ ಇದೆ: ಹಳಬರು 'ಧಾತು ಈಶ್ವರ ಬರ' ಅಂತ ಕರೆಯುತ್ತಿದ್ದ 1876-78ರ ಬರಗಾಲ. ಧಾತು, ಈಶ್ವರ ಅನ್ನುವುದು ಆ ಎರಡು ಸಂವತ್ಸರಗಳ ಹೆಸರು. 1875ರಲ್ಲೇ ಮೈಸೂರು ಸೀಮೆಯಲ್ಲಿ ಮಳೆ ಕಡಿಮೆಯಾಗಿತ್ತು. ಆದರೆ ಒಂದು ವರ್ಷದ ಬೆಳೆ ಹೋದರೆ ಹೆದರುವ ಜನ ಅಲ್ಲ ನಮ್ಮವರು. ರಾಗಿಯನ್ನು ಹಗೇವಿನಲ್ಲಿ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಅದನ್ನೇ ತೆಗೆದು ಉಂಡರು. 1876ರಲ್ಲಿ ಮುಂಗಾರು ಕೈಕೊಟ್ಟಿತು. ಇನ್ನುಳಿದದ್ದು ಹಿಂಗಾರು. ಅದೂ ಬರಲಿಲ್ಲ. ಎರಡನೇ ವರ್ಷವೂ ಕಣ ಬರಿದಾಯಿತು, ಹಗೇವೂ ಬರಿದಾಗುತ್ತಾ ಬಂತು.

ನಾನು ಯೋಚಿಸಿಯೇ ಇರದ ವಿಷಯ ಒಂದಿದೆ. ಕೊಯ್ಲು ಇಲ್ಲ ಅಂದರೆ ಬರೀ ಕಾಳು ಇಲ್ಲ ಅಂತಲ್ಲ, ಹುಲ್ಲೂ ಇಲ್ಲ ಅಂತ. ರಾಗಿ ಹುಲ್ಲಿಲ್ಲದೆ ಎತ್ತುಗಳು ಸತ್ತವು. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ಮದರಾಸಿನ ಕಡೆಯಿಂದ ಧಾನ್ಯವೂ ಬಂತು. ಆದರೆ ಆಗ ಮೈಸೂರಿನ ಕಡೆಗೆ ಹಳಿಯೇ ಇರಲಿಲ್ಲ. ಬೆಂಗಳೂರಿನಿಂದ ಮುಂದಕ್ಕೆ ಗಾಡಿಯಲ್ಲೇ ಹೋಗಬೇಕು, ಗಾಡಿ ಎಳೆಯೋಕೆ ಎತ್ತು ಎಲ್ಲಿಂದ ತರೋದು? ಒಂದು ಕಡೆ ಮೂಟೆ, ಇನ್ನೊಂದು ಕಡೆ ಹಸಿವು, ನಡುವೆ ದಾರಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದು ಕಡೆ ಫೇಲ್ ಆದದ್ದು ಸಿಸ್ಟಮ್ಮನ್ನೇ ಮಲಗಿಸಿಬಿಟ್ಟಿತು.

1877ರ ಸೆಪ್ಟೆಂಬರ್‌ನಲ್ಲಿ ಕೊನೆಗೂ ಮಳೆ ಬಂತು. ಸಿನಿಮಾ ಆಗಿದ್ದರೆ ಅಲ್ಲಿಗೆ 'ಶುಭಂ'! ಆದರೆ ಮಳೆ ಬಂದ ದಿನವೇ ಅನ್ನ ಬರುವುದಿಲ್ಲವಲ್ಲ. ಬಿತ್ತನೆಗೆ ಬೀಜ ಬೇಕು, ಉಳಲು ಎತ್ತು ಬೇಕು, ಆಮೇಲೂ ಮೂರ್ನಾಲ್ಕು ತಿಂಗಳು ಕಾಯಬೇಕು. ಮಳೆಯ ಹಿಂದೆಯೇ ಚಳಿಜ್ವರ ಬಂತು. ಎರಡು ವರ್ಷ ಅರೆಹೊಟ್ಟೆ ಉಂಡ ಮೈಗಳಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಕಾದು ಕಾದು ಬಂದ ಮಳೆಯಲ್ಲೂ ಜನ ಸತ್ತರು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಕಳೆದು ನೋಡಿ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ನಾಡು ಎಂಟೂಮುಕ್ಕಾಲು ಲಕ್ಷದಷ್ಟು ಕುಗ್ಗಿತ್ತು. ಅದೇ 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜ ಒಡೆಯರಿಗೆ ಒಪ್ಪಿಸಿದಾಗ ಅದರ ಜೊತೆಗೇ ಬರದ 80 ಲಕ್ಷ ರೂಪಾಯಿ ಸಾಲವನ್ನೂ ಒಪ್ಪಿಸಿದರು. ದಿವಾನ್ ರಂಗಾಚಾರ್ಲು ಶುರು ಮಾಡಿದ್ದೇ ಸಾಲದಿಂದ.

ಇದೆಲ್ಲ ಹಳೇ ಕಥೆ ಅಂದುಕೊಳ್ಳಬೇಡಿ. 2009 ನೆನಪಿದೆಯಾ? ಆ ವರ್ಷ ದೇಶಕ್ಕೇ ಬರ, ಮುಂಗಾರು ವಾಡಿಕೆಗಿಂತ ಶೇ. 22ರಷ್ಟು ಕಡಿಮೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಎರಡು ದಿನ ಉತ್ತರ ಕರ್ನಾಟಕದಲ್ಲಿ ಸುರಿದದ್ದು ಮಾತ್ರ ಜಲಪ್ರಳಯ. ವಿಜಾಪುರ, ಬಾಗಲಕೋಟೆ, ರಾಯಚೂರು ಕಡೆ ಊರಿಗೆ ಊರೇ ಮುಳುಗಿದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಹೊಲದಲ್ಲಿ ನಿಂತಿದ್ದ ಬೆಳೆ ಕೊಚ್ಚಿಹೋಯಿತು. ಮುಂಗಾರಿನ ಬರವನ್ನೂ ಆ ಕೆಲವು ದಿನದ ಪ್ರವಾಹವನ್ನೂ ಕೂಡಿಸಿ ಭಾಗಿಸಿದರೆ ಕಾಗದದ ಮೇಲೆ ಎರಡೂ ಕಷ್ಟ ಅರ್ಧ ಅಳಿಸಿಹೋಗುತ್ತವೆ!

ನಾನು ಹಗಲೆಲ್ಲ ಸರಾಸರಿ ತೆಗೆಯುವ ಪ್ರೋಗ್ರಾಂ ಬರೆಯುವವನು. ಆದರೆ ಸರಾಸರಿ ಮಳೆಯಲ್ಲಿ ಯಾರೂ ರಾಗಿ ಬೆಳೆಯುವುದಿಲ್ಲ ಅಂತ ಅಪ್ಪನಿಂದ ಕಲಿತೆ. ಈಗ ಊರಿಗೆ ಫೋನ್ ಮಾಡಿದರೆ ಮಿಲಿಮೀಟರ್ ಮಾತಾಡುವುದಿಲ್ಲ. "ಅಪ್ಪಾ, ರಾಗಿ ಮೆದೆ ಹಾಕಿದ್ರಾ?" ಅಂತಷ್ಟೇ ಕೇಳುತ್ತೇನೆ.

ಧಾತು ಈಶ್ವರ ಬರದ ಬಗ್ಗೆ ನಿಮ್ಮ ಮನೆಯ ಹಿರಿಯರು ಏನಾದರೂ ಹೇಳಿದ್ದು ನೆನಪಿದ್ದರೆ ದಯವಿಟ್ಟು ಬರೆದಿಡಿ. ಅಂಕಿಯಲ್ಲಿ ಸಿಗದಿರುವುದು ಅಲ್ಲಿರುತ್ತದೆ.