ಕಿಟಕಿ ಕಟ್ಟೆಯ ಮೇಲಿನ ದವಾಖಾನೆ

1902ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಸರಕಾರಿ ಶಾಲೆಗಳು 10,567 ಮಕ್ಕಳನ್ನು ಮನೆಗೆ ಕಳಿಸಿದವು. ತುಂಟತನಕ್ಕಲ್ಲ, ಓದದೇ ಇದ್ದುದಕ್ಕೂ ಅಲ್ಲ. ಒಬ್ಬನ ಕಣ್ಣು ಕೆಂಪಾಗಿತ್ತು, ಒಬ್ಬಳ ತಲೆತುಂಬ ಹೇನು, ಇನ್ನೊಬ್ಬನ ಬೆರಳ ಸಂದಿಯಲ್ಲಿ ಕಜ್ಜಿ.

ಮಕ್ಕಳನ್ನು ಹೀಗೆ ಹೊರಗಟ್ಟಿದವರು ವೈದ್ಯರು, ಅದೂ ಒಳ್ಳೆಯ ಉದ್ದೇಶದಿಂದಲೇ. ಗಂಟಲಮಾರಿ ಹಬ್ಬಿದ ಮೇಲೆ 1894ರಲ್ಲಿ ಬಾಸ್ಟನ್ ನಗರ ಶಾಲೆಗಳಿಗೆ ವೈದ್ಯರನ್ನು ಕಳಿಸತೊಡಗಿತು. 1897ರಲ್ಲಿ ನ್ಯೂಯಾರ್ಕ್ 150 ಮಂದಿಯನ್ನು ದಿನಕ್ಕೊಂದು ಗಂಟೆಯ ಕೆಲಸಕ್ಕೆ ನೇಮಿಸಿತು. ರೋಗ ಪತ್ತೆ ಹಚ್ಚುವುದಷ್ಟೇ ಅವರ ಕೆಲಸ, ಮದ್ದು ಕೊಡುವುದು ಅದರಲ್ಲಿ ಸೇರಿರಲಿಲ್ಲ. ಮಗು ಒಂದು ಚೀಟಿ ಹಿಡಿದು ಮನೆಗೆ ಹೋಗುತ್ತಿತ್ತು. ರಷ್ಯಾದಿಂದಲೋ ಇಟಲಿಯಿಂದಲೋ ಬಂದ ತಾಯಿಗೆ ಆ ಚೀಟಿಯ ಇಂಗ್ಲಿಷ್ ಓದಲು ಬಾರದು. ಇತ್ತ ಹೇನಿನ ಕಾರಣಕ್ಕೆ ಹೊರಬಿದ್ದ ಹುಡುಗಿ ಸಂಜೆ ಅದೇ ಬೀದಿಯಲ್ಲಿ, ಅದೇ ಗೆಳತಿಯರ ತಲೆಗೆ ತಲೆ ತಾಗಿಸಿ ಆಡುತ್ತಿದ್ದಳು.

ಹೆನ್ರಿ ಸ್ಟ್ರೀಟಿನಲ್ಲಿ ದಾದಿಯರ ಮನೆಯೊಂದನ್ನು ಕಟ್ಟಿಕೊಂಡು ಬಡವರ ಮನೆಗಳಿಗೇ ಹೋಗಿ ಶುಶ್ರೂಷೆ ಮಾಡುತ್ತಿದ್ದ ಲಿಲಿಯನ್ ವಾಲ್ಡ್, ಲೂಯಿ ಎಂಬ ಹನ್ನೆರಡು ವರ್ಷದ ಹುಡುಗನ ಕತೆಯನ್ನು ಬರೆದಿಟ್ಟಿದ್ದಾರೆ. ತಲೆಯ ಮೇಲಿನ ಹುಣ್ಣಿನಿಂದಾಗಿ ಅವನು ಆವರೆಗೆ ಶಾಲೆಯ ಮುಖ ಕಂಡಿರಲಿಲ್ಲ. ಹುಡುಗ ದವಾಖಾನೆಗೆ ಅಲೆಯದೇ ಇರಲಿಲ್ಲ. ಆದರೆ ಮುಲಾಮನ್ನು ಹೇಗೆ, ಎಷ್ಟು ದಿನ ಹಚ್ಚಬೇಕೆಂದು ಪಕ್ಕದಲ್ಲಿ ಕೂತು ತೋರಿಸಿಕೊಟ್ಟವರು ಯಾರೂ ಇರಲಿಲ್ಲ. ವಾಲ್ಡ್ ತೋರಿಸಿಕೊಟ್ಟರು. ಹುಣ್ಣು ಮಾಯಿತು, ಹುಡುಗ ಶಾಲೆಗೆ ಹೋದ. ಇಷ್ಟು ಸಣ್ಣ ಕೆಲಸಕ್ಕೆ ಒಂದು ಬಾಲ್ಯದ ಅಷ್ಟು ವರ್ಷಗಳು ಕಾಯಬೇಕಾಯಿತೇ ಎಂದು ಓದುವಾಗ ಸಿಟ್ಟು ಬರುತ್ತದೆ.

ಶಾಲೆಗಳು ಖಾಲಿಯಾಗುತ್ತಿದ್ದಾಗ ವಾಲ್ಡ್ ನಗರಾಡಳಿತದ ಮುಂದೆ ಒಂದು ಮಾತಿಟ್ಟರು: ನಮ್ಮ ದಾದಿಯೊಬ್ಬಳನ್ನು ಒಂದು ತಿಂಗಳು ಕೊಡುತ್ತೇವೆ, ನೋಡಿ. ಹೀಗೆ 1902ರ ಅಕ್ಟೋಬರ್ 1ರಂದು ಕೆನಡಾದ ಲೀನಾ ರಾಜರ್ಸ್ ಕೆಲಸಕ್ಕೆ ಬಂದರು. ನಾಲ್ಕು ಶಾಲೆಗಳು, ಸುಮಾರು ಹತ್ತು ಸಾವಿರ ಮಕ್ಕಳು, ಒಬ್ಬಳೇ ದಾದಿ. ಚಿಕಿತ್ಸೆಗೆಂದು ಕೋಣೆಯಿಲ್ಲದ ಕಡೆ ಕಿಟಕಿಯ ಕಟ್ಟೆಯೇ ಔಷಧದ ಮೇಜಾಯಿತು. ಗಾಯ ತೊಳೆದು ಪಟ್ಟಿ ಕಟ್ಟಿ ಮಗುವನ್ನು ಮತ್ತೆ ತರಗತಿಗೇ ಕಳಿಸುವುದು, ಶಾಲೆ ಬಿಟ್ಟ ಮೇಲೆ ಮನೆಗಳ ಮೆಟ್ಟಿಲು ಹತ್ತಿ ತಾಯಂದಿರಿಗೆ ಹೇಳಿಕೊಡುವುದು ಅವರ ದಿನಚರಿ. ತಿಂಗಳು ಮುಗಿದ ಮೇಲೆ ನಗರವೇ ಇನ್ನಷ್ಟು ದಾದಿಯರನ್ನು ನೇಮಿಸಿಕೊಂಡಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಹೊರಬಿದ್ದ ಮಕ್ಕಳ ಸಂಖ್ಯೆ 1,101. ಇದರಲ್ಲಿ ನಿಯಮ ಬದಲಾದುದರ ಪಾಲೂ ಇದೆ ಅನ್ನಿ. ಸಣ್ಣಪುಟ್ಟ ತೊಂದರೆಯಿದ್ದ ಮಗು ಚಿಕಿತ್ಸೆ ಪಡೆಯುತ್ತ ತರಗತಿಯಲ್ಲೇ ಕೂರಬಹುದಾಯಿತು. ಆ ಬದಲಾವಣೆ ಸಾಧ್ಯವಾದದ್ದು ದಾದಿ ಅಲ್ಲಿದ್ದುದರಿಂದ.

ಮನೆ ಭೇಟಿ ಎಷ್ಟು ಮುಖ್ಯವಾಗಿತ್ತೆಂದು ನಾಲ್ಕು ವರ್ಷಗಳ ಬಳಿಕ ನಡೆದ ಗಲಭೆಯಿಂದ ತಿಳಿಯುತ್ತದೆ. 1906ರ ಜೂನ್‌ನಲ್ಲಿ ಅದೇ ಪೂರ್ವ ದಂಡೆಯ ಕೇರಿಗಳ ಶಾಲೆಯೊಂದರಲ್ಲಿ ವೈದ್ಯರು ಮಕ್ಕಳ ಮೂಗಿನ ಹಿಂದಿನ ಅಡಿನಾಯ್ಡ್ ಗಂಟುಗಳನ್ನು ಶಾಲೆಯಲ್ಲೇ ಕತ್ತರಿಸಿ ತೆಗೆದರು. ಒಪ್ಪಿಗೆ ಚೀಟಿಗಳೇನೋ ಇದ್ದವು. ಅಲ್ಲಿನ ತಾಯಂದಿರ ಭಾಷೆ ಯಿಡ್ಡಿಷ್. ಮಕ್ಕಳು ಬಾಯಲ್ಲಿ ರಕ್ತ ಒಸರಿಸುತ್ತ ಮನೆಗೆ ಬಂದರು. ಶಾಲೆಯಲ್ಲಿ ಮಕ್ಕಳ ಕತ್ತು ಕುಯ್ಯುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಸಾವಿರಾರು ಹೆಂಗಸರು ಶಾಲೆಗಳಿಗೆ ನುಗ್ಗಿದರು, ಕಿಟಕಿ ಗಾಜುಗಳು ಪುಡಿಯಾದವು. ಮೂಢರು ಎಂದು ನಕ್ಕವರಿದ್ದರು. ಆದರೆ ಅದೇ ತಿಂಗಳು ರಷ್ಯನ್ ಸಾಮ್ರಾಜ್ಯದ ಬ್ಯಾಲಿಸ್ಟಾಕ್‌ನಲ್ಲಿ ಯಹೂದಿಗಳ ಕೊಲೆ ನಡೆದಿತ್ತು. ಅಂಥ ನೆಲದಿಂದ ಓಡಿಬಂದ ತಾಯಿಗೆ, ಸರಕಾರದವರು ಮಗುವಿನ ಕತ್ತಿಗೆ ಕೈಹಾಕುತ್ತಾರೆಂಬುದು ನಂಬಲಾರದ ಮಾತೇನಾಗಿರಲಿಲ್ಲ.

ನಮ್ಮಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲಾದದ್ದು 1909ರಲ್ಲಿ, ಬರೋಡಾದಲ್ಲಿ. 1946ರ ಭೋರ್ ಸಮಿತಿ ವರದಿಗೆ ಇಂಥ ಸೇವೆ ದೇಶದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನಿಸಿತ್ತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಹೋಗಬೇಕು. ತಂಡ ದೋಷ ಕಂಡರೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡುತ್ತದೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಮಗುವನ್ನು ಅಲ್ಲಿಗೆ ಒಯ್ಯಬೇಕಾದವರು ತಾಯಿ. ಆ ಚೀಟಿಯ ಬೆನ್ನುಹತ್ತಿ ಮನೆಬಾಗಿಲಿಗೆ ಹೋಗಿ ಯಾಕಮ್ಮಾ, ಇನ್ನೂ ಹೋಗಲಿಲ್ವಾ ಎಂದು ಕೇಳುವ ಕೆಲಸ ಎಷ್ಟೋ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯ ಪಾಲಿಗೆ ಬರುತ್ತದೆ. ಆಕೆಗೆ ಸಿಗುವ ಹಣವನ್ನು ಸರಕಾರದ ಕಾಗದಗಳು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತವೆ.