ಮರಳಿ ಬಾರದ ವಿಮಾನ

ತೈಲ ಶುದ್ಧೀಕರಣಾಗಾರದ ನೆರೆಯಲ್ಲಿ ಬಾಳುವ ಮಣಲಿಯ ಕನ್ನಡಿಗರಾದ ನಮಗೆ ಇಂಧನದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಿಮಾನದ ಇಂಧನವೂ ಇಲ್ಲಿ ತಯಾರಾಗುತ್ತದೆ. ಕೊಡಗಿನ ವೀರರೊಬ್ಬರ ಕಥೆಯಲ್ಲಿ ಆ ಇಂಧನದ ಲೆಕ್ಕವೇ ಮುಖ್ಯ.

1965ರ ಸೆಪ್ಟೆಂಬರ್ 7. ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ನಮ್ಮ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟವು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಮೀಸಲು ವಿಮಾನಿ. ಒಂದು ಸ್ಥಾನ ತೆರವಾದುದರಿಂದ ದಾಳಿಗೆ ಸೇರಿದರು. ಇದ್ದದ್ದು ಹೋಗಿಬರಲು ಸಾಕಾಗುವಷ್ಟೇ ಇಂಧನ. ನಡುವೆ ಕಾದಾಡಿದರೆ ಮರಳಲು ಸಾಲದು.

ಅವರ ಮೇಲೆರಗಿದ್ದು ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್. ಏಟು ತಿಂದರೂ ದೇವಯ್ಯನವರು ಎದುರಿಸಿ ನಿಂತು ಅದನ್ನು ಹೊಡೆದುರುಳಿಸಿದರು. ಅದರ ವಿಮಾನಿ ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿದರು. ದೇವಯ್ಯನವರು ಮಾತ್ರ ಮರಳಲಿಲ್ಲ. ಆ ಕಾಳಗವನ್ನು ನಮ್ಮವರಾರೂ ಕಂಡಿರಲಿಲ್ಲ. ಅವರ ಹೆಸರು ಕಾಣೆಯಾದವರ ಪಟ್ಟಿಗೆ ಸೇರಿತು.

ಸತ್ಯ ಹೊರಬಿದ್ದದ್ದು 1979ರಲ್ಲಿ, ಪಾಕಿಸ್ತಾನದ ಕಡೆಯ ವಿವರಗಳನ್ನು ಸಂಗ್ರಹಿಸಿ ಜಾನ್ ಫ್ರಿಕರ್ ಬರೆದ ಯುದ್ಧೇತಿಹಾಸದಿಂದ. ಅಂದು ಸ್ಕ್ವಾಡ್ರನ್ನಿನ ನಾಯಕರಾಗಿದ್ದ ಓ. ಪಿ. ತನೇಜಾ ಅವರು ಈ ವಿಷಯವನ್ನು ಸರ್ಕಾರದ ಮುಂದಿಟ್ಟರು. 1988ರಲ್ಲಿ, ಎಂದರೆ 23 ವರ್ಷಗಳ ಬಳಿಕ, ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಅದನ್ನು ಸ್ವೀಕರಿಸಿದರು.

ಶತ್ರುಪಕ್ಷವೇ ಸಾಕ್ಷಿ ನುಡಿಯುವವರೆಗೆ ಈ ಸಾಹಸ ನಮಗೆ ತಿಳಿಯಲಿಲ್ಲ. ಮಡಿಕೇರಿಯಲ್ಲಿ ಇಂದು ಅವರ ಹೆಸರಿನ ವೃತ್ತವಿದೆ. ರಜೆಯಲ್ಲಿ ಊರ ಕಡೆ ಹೋದಾಗ ಮಕ್ಕಳನ್ನು ಅಲ್ಲಿ ನಿಲ್ಲಿಸಿ ಈ ಕಥೆ ಹೇಳೋಣ. ಯಾರೂ ನೋಡದಿದ್ದಾಗಲೂ ಕರ್ತವ್ಯ ಬಿಡದವರ ಹೆಸರನ್ನು ಉಳಿಸುವ ಹೊಣೆ ನಮ್ಮೆಲ್ಲರದು.